ಬರಿಗಾಲಿನ ಆಟಗಾರರೂ ತಿಂಗಳ ಸಂಬಳವೂ

ಹಿಂದಿನ ಕಾಲದ ಫುಟ್‌ಬಾಲ್ ಆಟಗಾರರು ಹಣಕ್ಕಾಗಿ ಆಡುತ್ತಿರಲಿಲ್ಲ, ಆಟದ ಮೇಲಿನ ಪ್ರೀತಿಯೊಂದರಿಂದಲೇ ಆಡುತ್ತಿದ್ದರು ಎಂಬ ಮಾತು ನಮ್ಮ ಸಭೆ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ಕ್ರೀಡೋತ್ಸವಕ್ಕೆ ಆಗಮಿಸುವ ಅತಿಥಿಗಳು ಈ ಮಾತನ್ನು ಆಡಿದೊಡನೆ ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಮಕ್ಕಳೂ ತಟ್ಟುತ್ತಾರೆ. ಆರೇಳು ದಶಕಗಳಿಂದ ಈ ಆಟದ ಹುಚ್ಚನ್ನು ಹಚ್ಚಿಕೊಂಡಿರುವ ನನಗೆ ಮಾತ್ರ ಆ ಚಪ್ಪಾಳೆಯಲ್ಲಿ ಕೈ ಸೇರಿಸಲು ಮನಸ್ಸು ಬಾರದು. ಪ್ರೀತಿ ಇತ್ತೆಂಬುದು ನಿಜ. ಆದರೆ ಹಣ ಬೇಕಿರಲಿಲ್ಲವೆಂಬುದು ನಿಜವಲ್ಲ. ಹಸಿದವನ ಹಸಿವನ್ನೇ ಅವನ ವ್ರತವೆಂದು ಕೊಂಡಾಡುವ ಈ ರೂಢಿಯಿಂದ ಆಟಕ್ಕೂ ಆಟಗಾರನಿಗೂ ಬಹಳ ಹಾನಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿಯಾದ ನನಗೆ ಹೇಳಬೇಕೆನಿಸಿದ್ದು ಇದೇ ವಿಷಯ. ವಿದ್ವತ್ತಿನ ಲೇಖನಗಳ ನಡುವೆ ಚೆಂಡಾಟದ ಮಾತೇಕೆ ಎಂದು ಯಾರೂ ಬೇಸರಿಸಬಾರದಾಗಿ ವಿನಂತಿ.

ಕೊಡಗು ಎಂದೊಡನೆ ಕ್ರೀಡಾಪ್ರಿಯರ ಬಾಯಿಗೆ ಬರುವ ಹೆಸರು ಹಾಕಿ. ಅದು ನ್ಯಾಯವೇ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಮೊದಲಾದವರನ್ನು ದೇಶಕ್ಕೆ ಕೊಟ್ಟ ನಾಡಿದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಅರವತ್ತು ಮನೆತನಗಳನ್ನು ಸೇರಿಸಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವವು ಜಗತ್ತಿನ ಗಮನ ಸೆಳೆಯುವಷ್ಟು ಬೆಳೆದಿದೆ. ಹಾಕಿಗೆ ಹೀಗೆ ಮನೆತನಗಳ ಆಶ್ರಯವಿದೆ. ಫುಟ್‌ಬಾಲಿಗೆ ಅಂಥ ಆಶ್ರಯ ಎಂದೂ ಇರಲಿಲ್ಲ. ಆದರೂ ಬಿಟ್ಟಂಗಾಲದಂಥ ಹಳ್ಳಿಯಲ್ಲಿ ಪುತ್ತರಿ ಕಳೆದು ಕೊಯ್ಲು ಮುಗಿದು ಗದ್ದೆಗಳು ಒಣಗಿದ ಮೇಲೆ, ಕೂಳೆಯ ನಡುವೆ ನಾಲ್ಕು ಬಿದಿರುಗಳವನ್ನು ನೆಟ್ಟರೆ ಸಾಕಿತ್ತು, ಮೈದಾನ ಸಿದ್ಧವಾಗುತ್ತಿತ್ತು. ಒಕ್ಕಲು ಮಕ್ಕಳೂ ತೋಟದ ಲೈನ್ ಮನೆಗಳ ಮಕ್ಕಳೂ ವಿರಾಜಪೇಟೆಯ ಅಂಗಡಿಕಾರರ ಮಕ್ಕಳೂ ಅಲ್ಲಿ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದರು. ಹಾಕಿಗೆ ಪ್ರತಿಯೊಬ್ಬನಿಗೂ ಕೋಲು ಬೇಕು; ಇದಕ್ಕೆ ಇಪ್ಪತ್ತೆರಡು ಮಂದಿಗೆ ಒಂದು ಚೆಂಡು. ಬಡವರ ಆಟವೆನ್ನಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆ ಚೆಂಡಾದರೂ ಎಂಥದು! ಇಂದಿನ ಮಕ್ಕಳು ಅದನ್ನು ಕಂಡರೆ ನಗಬಹುದು. ತೊಗಲಿನ ಪಟ್ಟಿಗಳನ್ನು ಹೊಲಿದು, ಒಳಗೆ ರಬ್ಬರಿನ ಬ್ಲ್ಯಾಡರ್ ತೂರಿಸಿ, ಗಾಳಿ ತುಂಬಿ, ಬಾಯನ್ನು ತೊಗಲಿನ ದಾರದಿಂದ ಬಿಗಿಯುತ್ತಿದ್ದರು. ದಾರವಿದ್ದ ಭಾಗ ಹಣೆಗೆ ತಾಗಿದರೆ ಎರಡು ದಿನ ಗುರುತು ಉಳಿಯುತ್ತಿತ್ತು. ಜೂನಿನ ಮಳೆಯಲ್ಲಿ ನೆನೆದ ಚೆಂಡನ್ನು ಒದೆಯುವುದೆಂದರೆ ಹಲಸಿನ ಕಾಯಿಯನ್ನು ಒದೆದಂತೆ. ಬ್ಲ್ಯಾಡರ್ ತೂತಾದರೆ ಪೇಟೆಯ ಸೈಕಲ್ ಅಂಗಡಿಗೆ ಹೋಗಿ ಪಂಕ್ಚರ್ ಹಾಕಿಸಿ ತರಬೇಕು. ನಮ್ಮ ಡ್ರಿಲ್ ಮಾಸ್ತರರು ಸೇನೆಯಿಂದ ನಿವೃತ್ತರಾಗಿ ಬಂದವರು. ಅವರು ಚೆಂಡಿಗೆ ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಶಾಲೆಯ ದಾಖಲೆಪತ್ರಗಳಿಗಿಂತ ಜೋಪಾನವಾಗಿ ಬೀರುವಿನಲ್ಲಿ ಇಡುತ್ತಿದ್ದರು. ಹುಡುಗರಿಗೆ ಅವರು ಹೇಳಿಕೊಟ್ಟ ಮೊದಲ ಪಾಠ ಗೋಲು ಹೊಡೆಯುವುದಲ್ಲ, ಚೆಂಡನ್ನು ನಿಲ್ಲಿಸುವುದು. ನಿಲ್ಲಿಸಲು ಬಾರದವನಿಗೆ ಒದೆಯುವ ಅಧಿಕಾರವಿಲ್ಲವೆಂಬುದು ಅವರ ಶಾಸನ.

ಅವರ ಬಾಯಿಂದಲೇ ನಾನು ಬೆಂಗಳೂರಿನ ಆಟಗಾರರ ಹೆಸರುಗಳನ್ನು ಮೊದಲು ಕೇಳಿದ್ದು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. ಅದನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು. ಕಲ್ಕತ್ತೆಯೇ ಭಾರತದ ಫುಟ್‌ಬಾಲ್ ಎಂದು ತಿಳಿದಿರುವವರು ಈ ಸಂಗತಿಯನ್ನು ಗಮನಿಸಬೇಕು. 1946ರಲ್ಲಿ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲಿ ನಡೆದಾಗ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಸೋಲಿಸಿತು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಸ್ವತಂತ್ರ ಭಾರತದ ತಂಡ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕಣಕ್ಕಿಳಿದು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಗೋಲು ಹೊಡೆದು 2–1ರಿಂದ ಗೆದ್ದಿತು. ಭಾರತದ ಪರವಾಗಿ ಆ ದಿನ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಆಡಿದ ಅಹಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನಿಂದ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ, ವೆಂಕಟೇಶ್, ಅಪ್ಪಾರಾವ್, ಸಾಲೇ ಅವರೊಡಗೂಡಿ ‘ಪಂಚಪಾಂಡವರು’ ಎಂಬ ಬಿರುದನ್ನು ಪಡೆದರು. ಐವರೂ ದಕ್ಷಿಣದವರು. ಬಂಗಾಳಿಗಳು ತಮ್ಮವರಲ್ಲದ ಐವರನ್ನು ಪಾಂಡವರೆಂದು ಕರೆದರೆಂದರೆ ಆಟದ ಸೊಗಸು ಎಷ್ಟಿದ್ದಿರಬೇಕು!

ಅಹಮದ್ ಖಾನರ ಪಾದಕ್ಕೆ ಚೆಂಡು ಅಂಟಿಕೊಂಡಂತೆ ಇರುತ್ತಿತ್ತೆಂದೂ, ಹಾವಾಡಿಗನು ಹಾವನ್ನು ಆಡಿಸಿದಂತೆ ಅವರು ಎದುರಾಳಿಯನ್ನು ಆಡಿಸುತ್ತಿದ್ದರೆಂದೂ ಕಂಡವರು ಹೇಳುತ್ತಿದ್ದರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ವಿರುದ್ಧ ನಮ್ಮವರು 10–1ರಿಂದ ಸೋತಾಗ ಆ ಒಂದು ಗೋಲು ಅವರದು. ಆ ಸೋಲಿನ ತರುವಾಯವೇ ನಮ್ಮ ಫುಟ್‌ಬಾಲ್ ಒಕ್ಕೂಟ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿದ್ದು. ಬರಿಗಾಲಿನ ಆಟವನ್ನು ಇಂದು ನಾವು ಭಾರತೀಯರ ವಿಶೇಷ ಕಲೆಯೆಂಬಂತೆ ವರ್ಣಿಸುತ್ತೇವೆ. ಕಲೆ ಇತ್ತು, ಸಂದೇಹವಿಲ್ಲ. ಆದರೆ ಬಾಲ್ಯದಲ್ಲಿ ಬೂಟು ಕೊಳ್ಳಲಾಗದವನಿಗೆ ದೊಡ್ಡವನಾದ ಮೇಲೆ ಬೂಟು ಭಾರವೆನಿಸಿದರೆ ಅದರಲ್ಲಿ ಆಶ್ಚರ್ಯವೇನು? ಅಹಮದ್ ಖಾನರು 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎರಡು ಒಲಿಂಪಿಕ್ಸ್ ಆಡಿದ ಕನ್ನಡನಾಡಿನ ಈ ಮಹಾನ್ ಆಟಗಾರನ ಹೆಸರನ್ನು ನಮ್ಮ ಶಾಲೆಯ ಎಷ್ಟು ಮಕ್ಕಳು ಬಲ್ಲರೋ ಅಧ್ಯಾಪಕ ಬಂಧುಗಳು ಒಮ್ಮೆ ವಿಚಾರಿಸಿ ನೋಡಬಹುದು.

ನಾನು ಬೆಂಗಳೂರಿಗೆ ಗುಮಾಸ್ತೆಯಾಗಿ ಹೋದದ್ದು 1966ರಲ್ಲಿ. ಹಲಸೂರಿನಲ್ಲಿ ಒಂದು ಕೋಣೆ, ಬಾಡಿಗೆಯ ಸೈಕಲ್ಲು, ಸಂಜೆ ಫುಟ್‌ಬಾಲ್. ಆ ದಿನಗಳಲ್ಲಿ ದಂಡಿನ ಪ್ರದೇಶದ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಗಲ್ಲಿಗೊಂದು ತಂಡವಿತ್ತು. ಗೌತಮಪುರದವರಂತೂ ಮುಂದೆ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡರು. ಬೇರೆ ಊರುಗಳಲ್ಲಿ ರಾಜಕಾರಣಿಗಳ ಪ್ರತಿಮೆಗಳಿದ್ದರೆ ಇವರದು ಬ್ರೆಜಿಲಿನ ಆಟಗಾರನದು. ನನಗೆ ಇದು ಹೆಚ್ಚು ವಿವೇಕವೆಂದು ತೋರುತ್ತದೆ. ಪಂದ್ಯ ನೋಡಲು ಬರುತ್ತಿದ್ದವರು ಪಾಳಿ ಮುಗಿಸಿದ ಕಾರ್ಮಿಕರು. ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದು ಕೈಯಲ್ಲಿ ಬುತ್ತಿ ಡಬ್ಬಿ, ಇನ್ನೊಂದರಲ್ಲಿ ಕಡಲೆಕಾಯಿಯ ಪೊಟ್ಟಣ. ತಮಿಳು, ದಖನಿ ಉರ್ದು, ಕನ್ನಡ ಮೂರೂ ಬೆರೆತ ಬೈಗುಳಗಳನ್ನು ಕೇಳಿದ ಮೇಲೆ ಭಾಷೆಗಳ ಜಗಳ ಎಲ್ಲಿದೆಯೋ ನನಗೆ ಕಾಣಲಿಲ್ಲ. ರೆಫರಿಯ ವಿಷಯದಲ್ಲಿ ಮೂರು ಭಾಷೆಗಳದೂ ಒಮ್ಮತ.

ಆ ತಂಡಗಳ ಹೆಸರುಗಳನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಐ.ಟಿ.ಐ., ಎಚ್.ಎ.ಎಲ್., ಎಲ್.ಆರ್.ಡಿ.ಇ., ಸಿ.ಐ.ಎಲ್., ಎಂ.ಇ.ಜಿ.: ಇವೆಲ್ಲ ಕಾರ್ಖಾನೆ, ಪ್ರಯೋಗಾಲಯ, ಸೇನಾ ಕೇಂದ್ರಗಳ ಹೆಸರುಗಳು. ಕಲ್ಕತ್ತೆಯಲ್ಲಿ ಕ್ಲಬ್ಬುಗಳಿದ್ದಂತೆ ನಮ್ಮಲ್ಲಿ ಕಾರ್ಖಾನೆಗಳು. ಗಲ್ಲಿಯಲ್ಲಿ ಚೆನ್ನಾಗಿ ಆಡುವ ಹುಡುಗನನ್ನು ಯಾರಾದರೂ ಅಧಿಕಾರಿ ಗುರುತಿಸುತ್ತಿದ್ದರು. ಅವನಿಗೆ ಸಹಾಯಕನೆಂದೋ ಫಿಟ್ಟರ್ ಎಂದೋ ಗುಮಾಸ್ತೆಯೆಂದೋ ಕೆಲಸ ದೊರೆಯುತ್ತಿತ್ತು. ಬೆಳಗ್ಗೆ ಹಾಜರಿ ಹಾಕಿ ಯಂತ್ರದ ಬಳಿ ನಿಂತವನು ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಹೊರಡುತ್ತಿದ್ದನು. ಹೊರ ಊರಿನ ಪಂದ್ಯಗಳಿಗೆ ವಿಶೇಷ ರಜೆ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಬಡ್ತಿಯ ಆಸೆ. ಕಾಗದದ ಮೇಲೆ ಇವರೆಲ್ಲರೂ ಹವ್ಯಾಸಿಗಳು, ಆದ್ದರಿಂದ ಒಲಿಂಪಿಕ್ಸ್ ಆಡಲು ಅರ್ಹರು. ನಿಜದಲ್ಲಿ ಇವರು ಕಾಲಿನಿಂದ ಸಂಬಳ ಗಳಿಸುತ್ತಿದ್ದವರು. ಇದನ್ನು ವೃತ್ತಿಪರ ಫುಟ್‌ಬಾಲ್ ಎನ್ನದೆ ಮತ್ತೇನೆನ್ನಬೇಕು? ಈ ಆಟದ ತವರಾದ ಇಂಗ್ಲೆಂಡಿನಲ್ಲಿ ಆಟಗಾರನಿಗೆ ಬಹಿರಂಗವಾಗಿ ಹಣ ಕೊಡುವುದಕ್ಕೆ 1885ರಲ್ಲಿಯೇ ಅನುಮತಿ ದೊರೆತಿತ್ತು. ಅಲ್ಲಿಯೂ 1961ರವರೆಗೆ ವಾರಕ್ಕೆ ಇಷ್ಟೇ ಎಂಬ ಮಿತಿಯಿತ್ತು. ಕೊನೆಗೆ ಅದು 20 ಪೌಂಡು. ಆಟಗಾರರು ಮುಷ್ಕರ ಹೂಡುವ ಬೆದರಿಕೆ ಹಾಕಿದ ಮೇಲೆ ಆ ಮಿತಿ ಹೋಯಿತು. ಅಲ್ಲಿ ಸಂಬಳಕ್ಕಾಗಿ ಹೋರಾಡಿದರೆಂದು ಯಾರೂ ಅವರನ್ನು ಆಟದ ದ್ರೋಹಿಗಳೆನ್ನಲಿಲ್ಲ.

ಹಲಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಂದು ಕಾರ್ಖಾನೆಯ ತಂಡದ ಎಡ ಅಂಚಿನ ಮುನ್ನಡೆ ಆಟಗಾರರಿದ್ದರು. ಹೆಸರು ಬೇಡ, ಅವರ ಮಕ್ಕಳು ಮರಿಮಕ್ಕಳು ಈಗಲೂ ಆ ಬೀದಿಯಲ್ಲಿದ್ದಾರೆ. ಗೆರೆಯ ಅಂಚಿನಲ್ಲಿ ಓಡುತ್ತ ಓಡುತ್ತ ಒಮ್ಮೆಲೆ ನಿಂತು, ಎದುರಾಳಿ ಮುಂದೆ ಸಾಗಿಹೋದ ಮೇಲೆ ನಿಧಾನವಾಗಿ ಚೆಂಡನ್ನು ಮಧ್ಯಕ್ಕೆ ತೇಲಿಸುವುದು ಅವರ ಹೆಚ್ಚುಗಾರಿಕೆ. ಒಂದು ಭಾನುವಾರ ನಾನು ಪುಸ್ತಕದ ಭಾಷೆಯಲ್ಲಿ ಅವರನ್ನು, ‘ಅಣ್ಣಾ, ಆಡುವಾಗ ನಿಮ್ಮ ಮನಸ್ಸಿನಲ್ಲಿ ರಾಜ್ಯದ ಕೀರ್ತಿಯ ಯೋಚನೆ ಇರುತ್ತದೆಯೇ?’ ಎಂದು ಕೇಳಿದೆ. ಅವರು ಬೀಡಿ ಆರಿಸಿ, ‘ತಮ್ಮಾ, ನನ್ನ ಇಬ್ಬರು ತಂಗಿಯರ ಮದುವೆ ಈ ಎಡಗಾಲಿನಿಂದ ಆಯಿತು. ಅದಕ್ಕೆ ಮೊದಲು ಕೈಮುಗಿಯುತ್ತೇನೆ’ ಎಂದರು. ಅವರಿಗೆ ಆಟದ ಮೇಲೆ ಪ್ರೀತಿ ಇರಲಿಲ್ಲವೇ? ಮಳೆಯಲ್ಲಿ ಪಂದ್ಯ ರದ್ದಾದರೆ ಅವರು ಊಟ ಬಿಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅದೇ ಬೀದಿಯ ತುದಿಯಲ್ಲಿ ಇನ್ನೊಬ್ಬರಿದ್ದರು. ಇಬ್ಬರೂ ಒಂದೇ ಬಯಲಿನಲ್ಲಿ ಕಲಿತವರು; ಬಲ್ಲವರು ಎರಡನೆಯವರನ್ನೇ ಮೇಲೆಂದು ಹೇಳುತ್ತಿದ್ದರು. ಅವರಿಗೆ ಕಾರ್ಖಾನೆಯ ಕೆಲಸ ದೊರೆಯಲಿಲ್ಲ. ಒಂದು ಕ್ಲಬ್ಬಿಗೆ ಆಡುತ್ತಿದ್ದರು. ಗೆದ್ದ ದಿನ ಬಿರಿಯಾನಿ, ಸೋತ ದಿನ ಬಸ್ಸಿನ ಖರ್ಚು. ಒಂದು ಪಂದ್ಯದಲ್ಲಿ ಮಂಡಿ ತಿರುಚಿ ಬಿದ್ದರು. ಕ್ಲಬ್ಬಿನವರು ಎರಡು ವಾರ ಬಂದು ನೋಡಿದರು, ಆಮೇಲೆ ಬರಲಿಲ್ಲ. ನಾಟಿ ವೈದ್ಯರ ಕಟ್ಟು, ಎಣ್ಣೆ, ದೇವರ ಹರಕೆ ಎಲ್ಲವೂ ಆಯಿತು. ಮುಂದೆ ಅವರು ಕುಂಟುತ್ತ ತಳ್ಳುವ ಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದರು. ಮೊದಲನೆಯವರಿಗೂ ಮಂಡಿ ಹೋಗಿತ್ತು. ಆದರೆ ಅವರಿಗೆ ಕಾರ್ಖಾನೆಯ ಆಸ್ಪತ್ರೆಯಿತ್ತು, ರಜೆಯಿತ್ತು, ಆಟ ನಿಂತ ಮೇಲೂ ಅರವತ್ತರ ಹತ್ತಿರದವರೆಗೆ ಕೆಲಸವಿತ್ತು, ಭವಿಷ್ಯನಿಧಿಯಿತ್ತು. ಇಬ್ಬರ ಪ್ರೀತಿಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದುದು ಒಂದು ನೇಮಕಾತಿ ಪತ್ರದಲ್ಲಿ. ಹಿಂದಿನವರು ಪ್ರೀತಿಗಾಗಿ ಆಡಿದರೆಂದು ವೇದಿಕೆಯಲ್ಲಿ ಕೇಳಿದಾಗಲೆಲ್ಲ ನನಗೆ ಆ ಬಾಳೆಹಣ್ಣಿನ ಗಾಡಿ ನೆನಪಾಗುತ್ತದೆ.

ಸಂಬಳವು ಆಟವನ್ನು ಕೆಡಿಸಿತೇ? ಇತಿಹಾಸ ಹಾಗೆ ಹೇಳುವುದಿಲ್ಲ. ಈ ಕಾರ್ಖಾನೆ ತಂಡಗಳು ಬಲವಾಗಿದ್ದ ದಿನಗಳಲ್ಲಿಯೇ ಮೈಸೂರು 1967–68ರಲ್ಲಿ ಕಟಕ್‌ನಲ್ಲಿಯೂ 1968–69ರಲ್ಲಿ ಬೆಂಗಳೂರಿನಲ್ಲಿಯೂ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿಯನ್ನು ಎರಡು ವರ್ಷ ಸತತವಾಗಿ ಗೆದ್ದದ್ದು. ಬೆಂಗಳೂರಿನಲ್ಲಿ ಗೆದ್ದ ಆ ಸಂಜೆಯ ಬೊಬ್ಬೆ ಇಂದಿಗೂ ನನ್ನ ಕಿವಿಯಲ್ಲಿದೆ. ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. 1952ರ ಗೆಲುವನ್ನೂ ಕಂಡವರಂತೆ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತಷ್ಟೆ; ವಿಲೀನದ ಬಗ್ಗೆ ನಮ್ಮ ಹಿರಿಯರಲ್ಲಿ ನಾನಾ ಅಭಿಪ್ರಾಯಗಳಿದ್ದವು. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಮನಸಾರೆ ಮೈಸೂರಿನವನಾದದ್ದು ಆ ಸಂಜೆ.

ಮುಂದೆ 1977ರಲ್ಲಿ ದೇಶದ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಆರಂಭವಾಯಿತು. ಎರ್ನಾಕುಲಂನಲ್ಲಿ ನಡೆದ ಆ ಮೊದಲ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವನ್ನು 1–0ರಿಂದ ಸೋಲಿಸಿ ಕಪ್ ಗೆದ್ದದ್ದು ಬೆಂಗಳೂರಿನ ಐ.ಟಿ.ಐ. ದೂರವಾಣಿನಗರದಲ್ಲಿ ಟೆಲಿಫೋನು ಜೋಡಿಸುತ್ತಿದ್ದವರು ಕಲ್ಕತ್ತೆಯ ದೈತ್ಯರನ್ನು ಮಣಿಸಿದರು. ಕಾಯಕದ ಮಾತನ್ನು ನಿತ್ಯವೂ ಆಡುವ ನಮ್ಮ ಸಂಸ್ಥೆಯಲ್ಲಿ ಈ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳಿದರೆ ಅನುಚಿತವಾಗದು. ಕಾಯಕವೂ ಆಟವೂ ಅಲ್ಲಿ ಒಂದೇ ಮೈಯಲ್ಲಿದ್ದವು.

ನಮ್ಮ ಗಡಿಯಾಚೆಯವರ ಉತ್ಸಾಹವನ್ನೂ ಇಲ್ಲಿ ಹೇಳಲೇಬೇಕು. 1973ರ ಡಿಸೆಂಬರಿನಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದೆ. ಕೇರಳ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದಿತು. ನಾಯಕ ಮಣಿಯವರು ಅಂತಿಮ ಪಂದ್ಯದಲ್ಲಿ ರೈಲ್ವೇಸ್ ವಿರುದ್ಧ ಮೂರು ಗೋಲು ಹೊಡೆದರು. ಮರುದಿನ ವಿರಾಜಪೇಟೆಯ ಚಹಾ ಅಂಗಡಿಗಳಲ್ಲಿ ಮಲೆಯಾಳಿ ಬಂಧುಗಳು ದುಡ್ಡು ತೆಗೆದುಕೊಳ್ಳಲಿಲ್ಲ. ಮಾಕುಟ್ಟದ ಘಾಟಿ ಇಳಿದರೆ ಇರಿಟ್ಟಿ, ಕಣ್ಣೂರು. ಆ ಕಡೆಯಿಂದ ಏಳು ಮಂದಿಯ ‘ಸೆವೆನ್ಸ್’ ಆಟವೂ ನಮ್ಮ ಕಡೆಗೆ ಹತ್ತಿ ಬಂತು. ಸುಂಟಿಕೊಪ್ಪದಂಥ ಊರು ಫುಟ್‌ಬಾಲಿನಿಂದಲೇ ಹೆಸರು ಪಡೆದಿದೆ. 1986ರಲ್ಲಿ ಮೆಕ್ಸಿಕೋದ ವಿಶ್ವಕಪ್ ಪಂದ್ಯಗಳು ರಾತ್ರಿ ಹನ್ನೊಂದೂವರೆಯ ಮೇಲೆ ದೂರದರ್ಶನದಲ್ಲಿ ಬಂದಾಗ ಟಿ.ವಿ. ಇದ್ದ ಮನೆಗಳ ಜಗಲಿಯಲ್ಲಿ ಕಂಬಳಿ ಹೊದ್ದ ಜನ ತುಂಬಿರುತ್ತಿದ್ದರು. ಮರಡೋನಾ ಅಂದಿನಿಂದ ನಮ್ಮ ತೋಟಗಳ ಲೈನ್ ಮನೆಗಳಲ್ಲಿ ದೇವರಾದನು. ಅದೇ ಮನೆಗಳಲ್ಲಿ ಸಾರಂಗಪಾಣಿ ರಾಮನ್ ಯಾರೆಂದು ಯಾರಿಗೂ ತಿಳಿಯದು, ತಪ್ಪು ಅವರದಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಈ ವ್ಯವಸ್ಥೆ ಸಡಿಲವಾಯಿತು. 1991ರ ಆರ್ಥಿಕ ನೀತಿಯ ತರುವಾಯ ಸರ್ಕಾರಿ ಉದ್ಯಮಗಳು ನೇಮಕಾತಿಯನ್ನೇ ಕಡಿಮೆ ಮಾಡಿದವು. ಫಿಟ್ಟರನಿಗೇ ಕೆಲಸವಿಲ್ಲದ ಕಾಲದಲ್ಲಿ ಫುಟ್‌ಬಾಲ್ ಆಡುವ ಫಿಟ್ಟರನಿಗೆ ಎಲ್ಲಿಂದ ಬರಬೇಕು? 1938ರಲ್ಲಿ ಆರಂಭವಾದ ಬೆಂಗಳೂರಿನ ಸ್ಟಾಫರ್ಡ್ ಕಪ್ ಪಂದ್ಯಾವಳಿ ಹಲವು ವರ್ಷ ನಿಂತುಹೋಗಿ 2023ರಲ್ಲಿ ಮರಳಿ ನಡೆಯಿತು. 1996ರಲ್ಲಿ ರಾಷ್ಟ್ರೀಯ ಲೀಗ್ ಬಂತು, ಆಟ ಅಧಿಕೃತವಾಗಿ ವೃತ್ತಿಪರವಾಯಿತು. 2007ರಲ್ಲಿ ಅದು ಐ–ಲೀಗ್ ಆಯಿತು. ನೌಕರರನ್ನೇ ಕಟ್ಟಿಕೊಂಡು ಅದರಲ್ಲಿ ಆಡುತ್ತಿದ್ದ ಎಚ್.ಎ.ಎಲ್. 2011–12ರ ಋತುವಿನೊಂದಿಗೆ ಮೇಲಿನ ದರ್ಜೆಯಿಂದ ಕೆಳಗಿಳಿಯಿತು.

ಮರುವರ್ಷವೇ, 2013ರಲ್ಲಿ, ಬೆಂಗಳೂರು ಎಫ್.ಸಿ. ಹುಟ್ಟಿತು. ಹಳಬನಾದ ನಾನು ಇದನ್ನು ಹಳಿಯುತ್ತೇನೆಂದು ಯಾರಾದರೂ ನಿರೀಕ್ಷಿಸಿದ್ದರೆ ಅವರಿಗೆ ನಿರಾಶೆಯಾದೀತು. ಮೊಮ್ಮಗನೊಡನೆ ಹೋಗಿ ನೋಡಿದ್ದೇನೆ. ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದ ತಂಡವದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್. 2018–19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಆಟಗಾರ ಬಿದ್ದೊಡನೆ ವೈದ್ಯರು ಓಡಿ ಬರುವುದನ್ನು ಕಂಡಾಗ ನಾನು ನನ್ನ ಬೀದಿಯ ತುದಿಯ ಆ ಮಂಡಿಯನ್ನು ನೆನೆದು ಸಂತೋಷಪಟ್ಟೆ. ಕರಾರು, ವಿಮೆ, ಒಳ್ಳೆಯ ಸಂಬಳ ಎಲ್ಲವೂ ಇರಲಿ. ಆದರೆ ಕರಾರಿನ ಆಯುಷ್ಯವೆಷ್ಟು? 2025ರಲ್ಲಿ ಒಕ್ಕೂಟಕ್ಕೂ ಲೀಗನ್ನು ನಡೆಸುವ ಸಂಸ್ಥೆಗೂ ನಡುವಿನ ಒಪ್ಪಂದ ನವೀಕರಣವಾಗದೆ ಆ ವರ್ಷದ ಸೂಪರ್ ಲೀಗ್ ಸಕಾಲಕ್ಕೆ ಆರಂಭವಾಗಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್.ಸಿ. ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಲೀಗೇ ಇಲ್ಲದಿದ್ದರೆ ಕ್ಲಬ್ಬು ಎಲ್ಲಿಂದ ಕೊಡಬೇಕೆಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಾನು ಹೇಳುವುದಿಷ್ಟು: ಹಿಂದೆ ಪಂದ್ಯಾವಳಿ ನಿಂತರೂ ಆಟಗಾರನ ಮನೆಯ ಒಲೆ ಆರುತ್ತಿರಲಿಲ್ಲ, ಏಕೆಂದರೆ ಮರುದಿನ ಬೆಳಗ್ಗೆ ಅವನಿಗೆ ಹಾಜರಿ ಪುಸ್ತಕವಿತ್ತು. ಹೊಗಳಬೇಕಾದುದು ಹಳಬರ ಬಡತನವನ್ನಲ್ಲ, ಆ ಹಾಜರಿ ಪುಸ್ತಕವನ್ನು.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾಧ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಐವತ್ತನಾಲ್ಕು ವರ್ಷಗಳ ಅನಂತರ. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಅದು ಮೊದಲ ಗೆಲುವು. ಹಿಂದಿನ ನಾಲ್ಕೂ ‘ಮೈಸೂರು’ ಹೆಸರಿನವು. ಸುದ್ದಿ ಬಂದಾಗ ನಾನು ಬಿಟ್ಟಂಗಾಲದ ಮನೆಯಲ್ಲಿ ಕರಿಮೆಣಸು ಹರಡುತ್ತಿದ್ದೆ. ಯಾರಿಗಾದರೂ ಹೇಳೋಣವೆಂದು ರಸ್ತೆಗೆ ಬಂದರೆ ಸಿಕ್ಕ ಮೂವರೂ ಕ್ರಿಕೆಟ್ಟಿನವರು.

ಈಗ ನಮ್ಮ ಶಾಲೆಯ ವಿಷಯ. ಶ್ರೀಮಠದ ಶಾಲೆಗೆ ಬಯಲು ಇದೆ. ಹೊರಗಿನವರು ಬಿಟ್ಟಂಗಾಲವನ್ನು ಗುರುತಿಸುವುದು ಇಲ್ಲಿನ ಗಾಲ್ಫ್ ಮೈದಾನದಿಂದ. ಅಲ್ಲಿನ ಹುಲ್ಲಿನಷ್ಟು ನುಣುಪು ನಮ್ಮ ಬಯಲಿಗೆ ಬೇಕಾಗಿಲ್ಲ, ಕಲ್ಲು ಆಯ್ದರೆ ಸಾಕು. ಚೆಂಡುಗಳೂ ಇವೆ. ಇಲ್ಲದಿರುವುದು ಆಡಿಸುವವರು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಸ್ಥಾನಗಳು ವರ್ಷಗಟ್ಟಲೆ ಭರ್ತಿಯಾಗದಿರುವುದು ನಾಡಿನಾದ್ಯಂತ ಇರುವ ಕಥೆ. ಅದರಲ್ಲಿಯೂ ದೈಹಿಕ ಶಿಕ್ಷಣದ ಶಿಕ್ಷಕರ ಸ್ಥಾನವೆಂದರೆ ಯಾರಿಗೂ ಅವಸರವಿಲ್ಲ. ಸದ್ಯ ಗಣಿತದ ಮೇಷ್ಟರು ತಮ್ಮ ಔದಾರ್ಯದಿಂದ ಸಂಜೆ ಅರ್ಧ ಗಂಟೆ ವಿಸಿಲು ಊದುತ್ತಾರೆ. ಅವರಿಗೆ ವಂದನೆಗಳು. ಆದರೆ ‘ಆಟದ ಮೇಲೆ ಪ್ರೀತಿಯಿದ್ದವರು ಯಾರಾದರೂ ಉಚಿತವಾಗಿ ಬಂದು ಕಲಿಸಿಯಾರು’ ಎಂದು ಸಭೆಯಲ್ಲಿ ಯಾರೋ ಹೇಳಿದಾಗ ನನಗೆ ಈ ಲೇಖನ ಬರೆಯಬೇಕೆನಿಸಿತು. ಉಚಿತವಾಗಿ ಬಂದವರು ಕಾಫಿ ಕೊಯ್ಲು ಬಂದೊಡನೆ ನಿಲ್ಲುತ್ತಾರೆ. ನಿಲ್ಲಲೇಬೇಕು, ಅವರಿಗೂ ಮನೆಯಿದೆ.

ದಾನಿಗಳು ಕೈ ಎತ್ತಿ ಕೊಟ್ಟಿದ್ದಾರೆ. ರಂಗಮಂದಿರ, ಕಮಾನು, ಕುಡಿಯುವ ನೀರಿನ ತೊಟ್ಟಿ, ಬೆಳ್ಳಿಯ ಪರ್ಯಾಯ ಪಾರಿತೋಷಕಗಳು ಎಲ್ಲದರ ಮೇಲೆ ಹೆಸರು ಕೆತ್ತಿದೆ, ಕೆತ್ತಬೇಕಾದದ್ದೇ. ಆದರೆ ಪಾರಿತೋಷಕವೊಂದು ವರ್ಷಕ್ಕೆ ಒಂದು ದಿನ ಬೀರುವಿನಿಂದ ಹೊರಬರುತ್ತದೆ. ತರಬೇತಿ ಪಡೆದ ಒಬ್ಬ ಶಿಕ್ಷಕರು ವಾರಕ್ಕೆ ಆರು ದಿನ ಬಯಲಿಗೆ ಇಳಿಯುತ್ತಾರೆ. ಪಾರಿತೋಷಕಕ್ಕೆ ಬದಲಾಗಿ ಒಂದು ಶಾಶ್ವತ ನಿಧಿಯನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಿಂದ ಅವರ ಸಂಬಳವನ್ನು ತಿಂಗಳ ಮೊದಲ ತಾರೀಖಿನಂದು ಕೊಡುವ ವ್ಯವಸ್ಥೆಯಾಗಬೇಕೆಂದು ನನ್ನ ಸೂಚನೆ. ಬಡ್ಡಿ ಸಾಲದಿದ್ದರೆ ಹಳೆಯ ವಿದ್ಯಾರ್ಥಿಗಳ ಸಂಘ ತುಂಬಿಕೊಡಲಿ. ಗೌರವಧನವೆಂಬ ಶಬ್ದ ಬೇಡ, ಸಂಬಳವೆಂದೇ ಬರೆಯಲಿ. ರಜಾ ದಿನಗಳಿಗೂ ಕೊಡಲಿ. ಲೈನ್ ಮನೆಯ ಹುಡುಗರೂ ಹುಡುಗಿಯರೂ ಬೂಟಿಲ್ಲವೆಂದು ಬದಿಯಲ್ಲಿ ನಿಲ್ಲದಂತೆ ಇಪ್ಪತ್ತೆರಡು ಜೊತೆ ಬೂಟು ಶಾಲೆಯ ಹೆಸರಿನಲ್ಲಿ ಇರಲಿ, ಅಳತೆಗೆ ತಕ್ಕಂತೆ ಬದಲಾಯಿಸಿಕೊಳ್ಳಲಿ.

ಈ ವಿಷಯವನ್ನು ಆಡಳಿತ ಮಂಡಳಿಯವರ ಮುಂದಿಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ನನ್ನ ಪಾಲಿನ ಮೊತ್ತವನ್ನು ಮುಖ್ಯೋಪಾಧ್ಯಾಯರಿಗೆ ತಲುಪಿಸಿ ರಸೀದಿ ಪಡೆದಿದ್ದೇನೆ. ಕಾರ್ಯಾಲಯದಲ್ಲಿ ಇದಕ್ಕೆಂದೇ ಕೆಂಪು ಬೈಂಡಿನ ಒಂದು ಪುಸ್ತಕವನ್ನು ಇಡಲಾಗಿದೆ. ಸ್ಮರಣೋತ್ಸವಕ್ಕೆ ಬರುವ ಬಂಧುಗಳು ಊಟದ ಪಂಕ್ತಿಗೆ ಹೋಗುವ ಮೊದ�ಲು ಅಲ್ಲಿಗೆ ಬಂದರೆ ಗುಮಾಸ್ತೆಯವರು ಪುಟ ತೆರೆದು ಕೊಡುತ್ತಾರೆ.